ಈ ಗೇರ್‌ಬಾಕ್ಸ್ ಯಾವೂರಿನದು ಸ್ವಾಮಿ?

ಅರಸೀಕೆರೆ: ಬಿ.ಎಚ್. ರಸ್ತೆಯಿಂದ ಒಳಕ್ಕೆ ಸರಿದ ಒಂದು ತಗಡಿನ ಶೆಡ್ಡಿನ ಮುಂದೆ ಹೋದ ತಿಂಗಳು ಎರಡು ದಿನ ಜಾತ್ರೆಗೆ ಸೇರಿದ ಹಾಗೆ ಜನ ಸೇರಿದ್ದರು. ನೋಡಲು ಬಂದದ್ದು ಮಂತ್ರಿಯನ್ನೂ ಅಲ್ಲ, ಸಿನಿಮಾ ನಟಿಯನ್ನೂ ಅಲ್ಲ. ಲಾರಿಯ ಮೇಲೆ ಹಗ್ಗ ಕಟ್ಟಿಸಿಕೊಂಡು ಬಂದಿದ್ದ ಒಂದು ಕೆಂಪು ಕಾರು. ಎರಡೇ ಸೀಟು, ಮೇಲೆ ಮಾಡು ಇಲ್ಲ, ಕೂತರೆ ಅಂಡು ನೆಲಕ್ಕೆ ತಾಗುತ್ತದೇನೋ ಅನ್ನುವಷ್ಟು ತಗ್ಗು. ಸ್ಕೂಲು ಬಿಟ್ಟು ಬಂದ ಹುಡುಗನೊಬ್ಬ, "ಅಣ್ಣಾ, ಇದು ಎಷ್ಟು ಸ್ಪೀಡು ಹೋಗ್ತದೆ?" ಅಂದ. ಶೆಡ್ಡಿನ ಮೇಸ್ತ್ರಿ ತಲೆ ಎತ್ತದೆ ಹೇಳಿದರು: "ಸದ್ಯಕ್ಕೆ ಲಾರಿ ಎಷ್ಟು ಹೋಯ್ತದೋ ಅಷ್ಟು."

ಕಾರು ಇಂಗ್ಲೆಂಡಿನ ಟ್ರಯಂಫ್ ಸ್ಪಿಟ್‌ಫೈರ್, ಮೂರನೇ ಮಾರ್ಕು, 1968ರದು. ಬೇಲೂರು ದಾಟಿ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಮೂವತ್ತು ವರ್ಷ ಗೋಣಿಚೀಲ ಹೊದ್ದು ಮಲಗಿತ್ತು. ಕೊಂಡವನು ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಕೈತುಂಬ ಸಂಬಳ, ತಲೆತುಂಬ ಹಳೇ ಕಾರು. ಒಂದು ಲಕ್ಷ ಅಡ್ವಾನ್ಸು ಕೊಟ್ಟಿದ್ದ. ಮಧ್ಯದ ದಲ್ಲಾಳಿ ಒಂದು ಬಿಳಿ ಹಾಳೆಯಲ್ಲಿ ಬರೆದುಕೊಟ್ಟಿದ್ದ: 'ಎಂಜಿನ್ ಒರಿಜಿನಲ್, ಗೇರ್‌ಬಾಕ್ಸ್ ಒರಿಜಿನಲ್, ಓವರ್‌ಡ್ರೈವ್ ಇದೆ.' ಕೆಳಗೆ ತೋಟದ ಗೌಡರ ಸಹಿ.

ಈ ಹಾಳೆಯಿಂದಲೇ ತಗಾದೆ ಹುಟ್ಟಿದ್ದು. ಗೌಡರ ಮನೆಗೂ ನಮ್ಮ ಭಾವನ ಮನೆಗೂ ನಲವತ್ತು ವರ್ಷದ ಬಳಕೆ. ಮದುವೆ ಮುಂಜಿಗೆ ಹೋಗಿಬರುವ ಮನೆ. ಆ ಬಳಕೆ ಒಂದು ಕಬ್ಬಿಣದ ಪೆಟ್ಟಿಗೆಯ ದೆಸೆಯಿಂದ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತುವುದರಲ್ಲಿತ್ತು. ಈ ಬಡ ಪತ್ರಕರ್ತ ಮಧ್ಯೆ ಸಿಕ್ಕಿಹಾಕಿಕೊಂಡ.

ಮೊದಲು ಅನುಮಾನ ಬಂದದ್ದು ಮೇಸ್ತ್ರಿಗೆ. ವಯಸ್ಸು ಎಪ್ಪತ್ತು ದಾಟಿದೆ. ಬೇಲೂರು-ಹಳೇಬೀಡಿಗೆ ಟೂರಿಸ್ಟರನ್ನು ಕರೆದೊಯ್ಯುತ್ತಿದ್ದ ಅಂಬಾಸಿಡರ್ ಟ್ಯಾಕ್ಸಿಗಳ ಹೊಟ್ಟೆ ಬಗೆದು ಬಗೆದು ಕೈ ಕಪ್ಪಾದ ಮನುಷ್ಯ. ಕಾರನ್ನು ಲಾರಿಯಿಂದ ಇಳಿಸಿ, ಬ್ಯಾಟರಿ ಕಟ್ಟಿ, ಎಂಜಿನ್ನಿಗೆ ಜೀವ ಬರಿಸಿ, ರಸ್ತೆಯಲ್ಲಿ ಒಂದು ಫರ್ಲಾಂಗು ಓಡಿಸಿ ಬಂದರು. ಇಳಿದವರೇ ಬೀಡಿ ಹಚ್ಚಿದರು. "ಸಾ, ಫಸ್ಟಿಗೆ ಎಂಜಿನ್ನು ಬಾಯಿ ಬಡ್ಕೋತದೆ, ಗಾಡಿ ಮಾತ್ರ ಎತ್ತಿನ ಗಾಡಿ ತರ ಹೋಯ್ತದೆ. ರೇಸಿನ ಗಾಡಿ ಹಿಂಗಿರಬಾರ್ದು. ಈ ಬಾಕ್ಸು ಈ ಮನೆ ಮಗ ಅಲ್ಲ, ಅಳಿಯ."

ಅಕ್ಕನ ಮಗನ ಮುಖ ಸುಟ್ಟ ಬದನೆಕಾಯಿ. "ಮಾಮ, ಆರ್‌ಸಿ ಬುಕ್ಕಿನಲ್ಲಿ ಎಲ್ಲ ಸರಿಯಿದೆಯಲ್ಲ?" ಅಂದ.

ಸರಿಯಿತ್ತು. ಚಾಸಿ ನಂಬರು ಎಫ್‌ಡಿ ಎಂದು ಶುರು, ಎಂಜಿನ್ ನಂಬರೂ ಎಫ್‌ಡಿ ಎಂದು ಶುರು. ಮೂರನೇ ಮಾರ್ಕಿನ ಸ್ಪಿಟ್‌ಫೈರಿಗೆ ಅದೇ ಸರಿ. ಆದರೆ ಓದುಗರು ತಮ್ಮ ಮನೆಯ ಗಾಡಿಯ ಆರ್‌ಸಿಯನ್ನು ಒಮ್ಮೆ ತೆಗೆದು ನೋಡಲಿ. ಚಾಸಿಗೆ ನಂಬರಿದೆ, ಎಂಜಿನ್ನಿಗೆ ನಂಬರಿದೆ, ಬಣ್ಣಕ್ಕೂ ಒಂದು ಕಾಲಂ ಇದೆ. ಗೇರ್‌ಬಾಕ್ಸ್ ಎಂಬ ಪ್ರಾಣಿಯ ಹೆಸರೇ ಇಲ್ಲ! 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ಎಂಬ ಬೇರೆ ಪಂಕ್ತಿ ಹಾಕಿತು. ನಂಬರ್ ಪ್ಲೇಟಿನಲ್ಲಿ ವಿಎ ಎಂಬ ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷವಾದ ಮೇಲೆ ಮತ್ತೆ 5,000. ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು ಎಂದು ಆ ನಿಯಮ ಹೇಳುತ್ತದೆ. ಅಲ್ಲೂ ಗೇರ್‌ಬಾಕ್ಸಿನ ಸುದ್ದಿಯಿಲ್ಲ. ಅಂದಮೇಲೆ ಅದರ ಜಾತಕವನ್ನು ಅದರ ಮೈಯಿಂದಲೇ ಓದಬೇಕು, ಬೇರೆ ದಾರಿಯಿಲ್ಲ.

ಓದುವುದು ಹೇಗೆ? ಮೇಸ್ತ್ರಿ ಎರಡು ದಿನ ಮಾಡಿದ್ದು ಅದನ್ನೇ.

ಸ್ಪಿಟ್‌ಫೈರಿನಲ್ಲಿ ಒಂದು ಅನುಕೂಲ. ಬಾನೆಟ್ಟು ಎರಡೂ ಮಡ್‌ಗಾರ್ಡಿನ ಸಮೇತ ಮೊಸಳೆ ಬಾಯಿಯಂತೆ ಮುಂದಕ್ಕೆ ಬಾಗುತ್ತದೆ. ಗೇರ್‌ಬಾಕ್ಸ್ ನೋಡಲು ಗಾಡಿಯ ಕೆಳಗೆ ಮಲಗಬೇಕಾಗಿಲ್ಲ, ಒಳಗಡೆ ಎರಡು ಸೀಟಿನ ನಡುವಿನ ರಟ್ಟಿನ ಕವರು ಬಿಚ್ಚಿದರೆ ಸಾಕು, ಪೆಟ್ಟಿಗೆ ಮಡಿಲಲ್ಲೇ ಕೂತಿರುತ್ತದೆ. ಬಿಚ್ಚಿದ್ದೇ ಮೇಸ್ತ್ರಿ ನಕ್ಕರು. "ಹೆರಾಲ್ಡು ಬಿಚ್ಚಿದಂಗೇ ಐತೆ."

ಹೆರಾಲ್ಡು! ಐವತ್ತು ದಾಟಿದ ಓದುಗರಿಗೆ ನೆನಪಿರಬೇಕು. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಕಂಪೆನಿ 1961ರಿಂದ ಕಟ್ಟಿದ ಪುಟ್ಟ ಕಾರು. ಡಾಕ್ಟರುಗಳು, ವಕೀಲರು, ಸ್ವಲ್ಪ ಷೋಕಿಯ ಮೇಷ್ಟ್ರುಗಳು ಇಟ್ಟುಕೊಳ್ಳುತ್ತಿದ್ದದ್ದು. 1972ರಲ್ಲಿ ಅದೇ ವಂಶದಲ್ಲಿ ಗೆಜೆಲ್ ಬಂತು, 1977ಕ್ಕೆ ನಿಂತಿತು. ಈ ಹೆರಾಲ್ಡ್ ಇಂಗ್ಲೆಂಡಿನಲ್ಲಿ 1959ರಲ್ಲಿ ಹುಟ್ಟಿದ್ದು. 1962ರಲ್ಲಿ ಅದರದೇ ಸಾಮಾನುಗಳ ಮೇಲೆ ಕುಳ್ಳ ಬಾಡಿ ಕೂರಿಸಿ ಮಾಡಿದ್ದು ಸ್ಪಿಟ್‌ಫೈರ್. ಎರಡಕ್ಕೂ ರೂಪ ಕೊಟ್ಟವನು ಇಟಲಿಯ ಮಿಕೆಲೊಟ್ಟಿ. ಒಂದೇ ತಾಯಿಯ ಮಕ್ಕಳು. ಒಬ್ಬ ಗುಮಾಸ್ತನಾದ, ಇನ್ನೊಬ್ಬ ಷೋಕಿಲಾಲನಾದ. ಅಣ್ಣನ ಅಂಗಿ ತಮ್ಮನಿಗೆ ಆಗುವುದರಲ್ಲಿ ಆಶ್ಚರ್ಯವೇನು?

ಪೆಟ್ಟಿಗೆಯ ಮೇಲೆ ಎರಡು ಥರದ ನಂಬರು ಇರುತ್ತವೆ. ಇದನ್ನು ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ, ನಾನೂ ಮಾಡಿಕೊಂಡೆ. ಒಂದು, ಎರಕ ಹೊಯ್ಯುವಾಗಲೇ ಉಬ್ಬಿ ಬಂದ ನಂಬರು. ಅದು ಅಚ್ಚಿನದು. ಆ ಅಚ್ಚಿನಲ್ಲಿ ಹೊಯ್ದ ಸಾವಿರಾರು ಪೆಟ್ಟಿಗೆಗಳಿಗೂ ಅದೇ ನಂಬರು. ಇನ್ನೊಂದು, ಆಮೇಲೆ ಸುತ್ತಿಗೆಯಿಂದ ಒತ್ತಿದ್ದು, ತಗ್ಗಾಗಿ ಕೂತಿರುತ್ತದೆ. ಅದು ಆ ಪೆಟ್ಟಿಗೆಯದೇ ಹೆಸರು. ಸ್ಪಿಟ್‌ಫೈರಿನದಾದರೆ ಎಫ್ ಅಕ್ಷರದಿಂದ ಶುರು, ಇಂಗ್ಲೆಂಡಿನ ಹೆರಾಲ್ಡಿನದಾದರೆ ಜಿ ಅಕ್ಷರದಿಂದ. ಉಬ್ಬು ನಂಬರು ನೋಡಿ 'ಇದು ಇಂಥ ಗೇರ್‌ಬಾಕ್ಸು' ಎಂದು ದುಡ್ಡು ಎಣಿಸಿಕೊಟ್ಟವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಪಾತ್ರೆ ಒಂದೇ ಆದರೂ ಒಳಗಿರುವುದು ಸಾರೋ ಹುಳಿಯೋ ಮುಚ್ಚಳ ತೆಗೆಯದೆ ತಿಳಿಯುವುದಿಲ್ಲ.

ನಮ್ಮ ಪೆಟ್ಟಿಗೆಯಲ್ಲಿ ಒತ್ತು ನಂಬರು ಇರಬೇಕಾದ ಕಡೆ ಯಾವುದೋ ಕಾಲದಲ್ಲಿ ಅರ ಹಾಕಿ ಉಜ್ಜಿದ ಗುರುತು. ಡೀಸೆಲ್ ಹಾಕಿ, ವೇಸ್ಟಿನಲ್ಲಿ ಒರೆಸಿ, ಬ್ಯಾಟರಿ ಬಿಟ್ಟು ನೋಡಿದ್ದಾಯಿತು. ಅಕ್ಷರ ಇಲ್ಲ. "ನೋಡಿ ಮಾಮ, ನಂಬರ್ ಅಳಿಸಿದ್ದಾರೆ. ಇದು ಪಕ್ಕಾ ಚೀಟಿಂಗ್!" ಎಂದು ಅಕ್ಕನ ಮಗ ಕುಣಿದ. ವಕೀಲರಿಗೆ ಫೋನು ಹಚ್ಚಲು ಹೊರಟಿದ್ದ. ಮೇಸ್ತ್ರಿ ಕೈಹಿಡಿದು ಕೂರಿಸಿದರು. "ನಂಬರು ಅಳಿಸ್ಬೌದು ತಮ್ಮ. ಹಲ್ಲು ಅಳ್ಸಕಾಗಲ್ಲ. ಎಣಿಸನ ಬಾ."

ಈ ಎಣಿಕೆಯನ್ನು ಓದುಗರಿಗೆ ವಿವರವಾಗಿ ಹೇಳಲೇಬೇಕು. ಪೆಟ್ಟಿಗೆ ಬಿಚ್ಚುವ ಖರ್ಚಿಲ್ಲ, ಯಾರ ಸರ್ಟಿಫಿಕೇಟೂ ಬೇಡ. ಹಿಂದಿನ ಎರಡೂ ಚಕ್ರಗಳನ್ನು ಜಾಕಿ ಮೇಲೆ ಎತ್ತಿದರು. ಹ್ಯಾಂಡ್‌ಬ್ರೇಕು ಬಿಟ್ಟರು. ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ಕಳಚಿದರು, ಆಗ ಎಂಜಿನ್ನು ಕೈಯಲ್ಲಿ ಹಗುರವಾಗಿ ತಿರುಗುತ್ತದೆ. ಮುಂದಿನ ಪುಲ್ಲಿಗೊಂದು ಸೀಮೆಸುಣ್ಣದ ಗೆರೆ, ಹಿಂದಿನ ಪ್ರೊಪೆಲ್ಲರ್ ಶಾಫ್ಟಿಗೊಂದು ಗೆರೆ. ಫಸ್ಟ್ ಗೇರು ಹಾಕಿ, ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಕೊಟ್ಟು ನಿಧಾನವಾಗಿ ತಿರುಗಿಸುವುದು. ಎಂಜಿನ್ ಎಷ್ಟು ಸುತ್ತು ಸುತ್ತಿದರೆ ಶಾಫ್ಟು ಒಂದು ಸುತ್ತು ಸುತ್ತುತ್ತದೆ? ಅದೇ ಗೇರಿನ ಲೆಕ್ಕ. ಒಂದೇ ಸುತ್ತು ನೋಡಿದರೆ ಹಲ್ಲುಗಳ ಸಡಿಲದಿಂದ ಮೋಸ ಹೋಗಬಹುದು, ನಾಲ್ಕು ಸುತ್ತು ನೋಡಬೇಕು. ಚಕ್ರ ನೋಡಿ ಎಣಿಸಿದರಂತೂ ಹಿಂದಿನ ಡಿಫರೆನ್ಷಿಯಲ್ಲು ಲೆಕ್ಕ ಕೆಡಿಸುತ್ತದೆ, ಶಾಫ್ಟನ್ನೇ ನೋಡಬೇಕು.

ಸ್ಪಿಟ್‌ಫೈರಿನ ಫಸ್ಟ್ ಗೇರು 3.75, ಅಂದರೆ ಮೂರೂಮುಕ್ಕಾಲು. ಶಾಫ್ಟು ನಾಲ್ಕು ಸುತ್ತಿದರೆ ಎಂಜಿನ್ನು ಹದಿನೈದು. 948 ಸಿಸಿ ಹೆರಾಲ್ಡಿನದು 4.27, ನಾಲ್ಕೂಕಾಲಿಗೆ ಕೂದಲೆಳೆ ಮೇಲೆ. ನಾಲ್ಕಕ್ಕೆ ಹದಿನೇಳು. ಸಣ್ಣ ಎಂಜಿನ್ನಿಗೆ ಭಾರ ಎಳೆಯಲು ಹೆಚ್ಚು ಸುತ್ತು ಬೇಕು, ಅದಕ್ಕೆ ಹಾಗೆ.

ಮೇಸ್ತ್ರಿ ತಿರುಗಿಸಿದರು. ಹುಡುಗ ಪುಲ್ಲಿ ನೋಡಿ ಎಣಿಸಿದ. ನಾನು ಹಿಂದೆ ಕುಕ್ಕರುಗಾಲಲ್ಲಿ ಕೂತು ಶಾಫ್ಟಿನ ಗೆರೆ ನೋಡಿದೆ. ಶೆಡ್ಡಿನ ಮುಂದಿನ ಜನ ಲಗ್ನದ ಮುಹೂರ್ತಕ್ಕೆ ಕಾದಂತೆ ಸುಮ್ಮನಾದರು. ಹನ್ನೆರಡು, ಹದಿಮೂರು, ಹದಿನಾಲ್ಕು, ಹದಿನೈದು... ನನ್ನ ಗೆರೆ ಇನ್ನೂ ಬಂದಿರಲಿಲ್ಲ. ಹದಿನಾರು. ಹದಿನೇಳಕ್ಕೆ ಗೆರೆ ಮೇಲೆ ಬಂದು ನಿಂತಿತು. ಸೆಕೆಂಡಿಗೂ ನೋಡಿದೆವು. ಸ್ಪಿಟ್‌ಫೈರಿನದಾದರೆ ನಾಲ್ಕಕ್ಕೆ ಎಂಟೂವರೆ ದಾಟಬೇಕು, ಹತ್ತರ ಹತ್ತಿರ ಬಂತು. ಟಾಪಿಗೆ ನೋಡಬೇಕಾಗಿಲ್ಲ, ಅದು ಯಾವ ಪೆಟ್ಟಿಗೆಯಲ್ಲೂ ಒಂದಕ್ಕೊಂದು.

"ಮದ್ರಾಸು," ಅಂದರು ಮೇಸ್ತ್ರಿ.

ಓವರ್‌ಡ್ರೈವಿನ ಕತೆ ಇನ್ನೂ ಬೇಗ ಮುಗಿಯಿತು. ಡ್ಯಾಶಿನಲ್ಲಿ ಒಂದು ಸ್ವಿಚ್ಚಿತ್ತು. ಅದರ ವೈರು ಹಿಡಿದು ಹೋದರೆ ಕಾರ್ಪೆಟ್ಟಿನ ಕೆಳಗೆ ಎಲ್ಲೂ ಸೇರದೆ ಮುಗಿದಿತ್ತು. ಓವರ್‌ಡ್ರೈವ್ ಇದ್ದರೆ ಪೆಟ್ಟಿಗೆಯ ಬಾಲಕ್ಕೆ ಇನ್ನೊಂದು ಗುಂಡನೆಯ ಎರಕದ ಮನೆ ಅಂಟಿಕೊಂಡಿರುತ್ತದೆ, ಅದರ ಪಕ್ಕೆಯಲ್ಲಿ ಡಬ್ಬಿಯಂಥ ಸೊಲೆನಾಯ್ಡ್ ಇರುತ್ತದೆ, ಪ್ರೊಪೆಲ್ಲರ್ ಶಾಫ್ಟು ಅಷ್ಟು ಗಿಡ್ಡವಾಗಿರುತ್ತದೆ. ಇಲ್ಲಿ ಬಾಲ ಸಪೂರ, ಶಾಫ್ಟು ಉದ್ದ.

ಇಷ್ಟೆಲ್ಲ ಯಾಕೆ, ಗಾಡಿ ಓಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಯಾವ ಪೆಟ್ಟಿಗೆ ಎಂದು ತಿಳಿಯದೆ ಎಣ್ಣೆ ಹಾಕುವುದು ಹೇಗೆ? ಟ್ರಯಂಫಿನ ಈ ಪೆಟ್ಟಿಗೆಗೆ ತೊಂಬತ್ತರ ಗೇರ್ ಎಣ್ಣೆ. ಆದರೆ ಇವತ್ತು ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ ಜಿಎಲ್-5 ಅಲ್ಲ, ಜಿಎಲ್-4. ಐದರಲ್ಲಿ ಹೆಚ್ಚಾಗಿರುವ ಗಂಧಕದ ಮದ್ದು ಒಳಗಿನ ಹಿತ್ತಾಳೆ-ಕಂಚಿನ ಉಂಗುರಗಳನ್ನು ತಿನ್ನಬಲ್ಲದು. ಅದೇ ಎಂಜಿಬಿ ಕಾರಿನ ಪೆಟ್ಟಿಗೆಗಾದರೆ ಗೇರ್ ಎಣ್ಣೆಯೇ ಅಲ್ಲ, ಎಂಜಿನ್ನಿಗೆ ಹಾಕುವ 20ಡಬ್ಲ್ಯು-50. ಅರಿಯದೆ ಸುರಿದರೆ ಅರ್ಧ ಲಕ್ಷದ ಸಾಮಾನು ಆರು ತಿಂಗಳಲ್ಲಿ ಗುಜರಿ.

ಎಂಜಿ ಎಂದಾಗ ಅಂಬಾಸಿಡರಿನ ಮಾತೂ ಬರುತ್ತದೆ. ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನ ಮುದಿ ಅಂಬಾಸಿಡರಿಗೆ ಇಂಗ್ಲೆಂಡಿನಲ್ಲಿ ಷೋಕಿಯ ನೆಂಟನಿದ್ದ ಎಂದರೆ ಡ್ರೈವರುಗಳು ನಗುತ್ತಾರೆ. ನಿಜವೇ. ಅಂಬಾಸಿಡರಿನ 1489 ಸಿಸಿ ಎಂಜಿನ್ನೂ, 1955ರಲ್ಲಿ ಬಂದ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನ ಮೊದಲ ಎಂಜಿನ್ನೂ ಬಿಎಂಸಿ ಕಂಪೆನಿಯ ಒಂದೇ ಬಿ ವಂಶ. ನಮ್ಮದಕ್ಕೆ ಗೇರು ಸ್ಟಿಯರಿಂಗಿನ ಪಕ್ಕದ ಕಡ್ಡಿಯಲ್ಲಿ, ಅದಕ್ಕೆ ನೆಲದಲ್ಲಿ. ಎರಡರಲ್ಲೂ ಫಸ್ಟ್ ಗೇರಿಗೆ ಸಿಂಕ್ರೊಮೆಷ್ ಇಲ್ಲ. ಎರಡು ಚಕ್ರದ ವೇಗ ಸಮ ಮಾಡಿ ಮೆಲ್ಲಗೆ ಕೂಡಿಸುವ ಹಿತ್ತಾಳೆ ಬಳೆಯೇ ಈ ಸಿಂಕ್ರೊಮೆಷ್. ಗಾಡಿ ಉರುಳುತ್ತಿರುವಾಗ ಫಸ್ಟಿಗೆ ಹಾಕಿ ನೋಡಿ. 'ಕರ್ರ್' ಎಂದರೆ ಹಳೆಯ ಪೆಟ್ಟಿಗೆ, ಸದ್ದಿಲ್ಲದೆ ಕೂತರೆ ಹೊಸದು. ಎಂಜಿಬಿಯಲ್ಲಿ ಈ ಬದಲಾವಣೆ ಆದದ್ದು 1967ರ ಕೊನೆಗೆ, ಫಸ್ಟಿನ ಲೆಕ್ಕವೂ ಆಗ 3.64ರಿಂದ 3.44ಕ್ಕೆ ಇಳಿಯಿತು. ಸ್ಪಿಟ್‌ಫೈರಿನಲ್ಲಿ ಆದದ್ದು 1970ರಲ್ಲಿ, ನಾಲ್ಕನೇ ಮಾರ್ಕಿಗೆ. ಜಾಗ್ವಾರ್ ಇ-ಟೈಪಿನಲ್ಲಿ 1964ರಲ್ಲಿ ಎಂಜಿನ್ನು 3.8 ಲೀಟರಿನಿಂದ 4.2ಕ್ಕೆ ಏರಿದಾಗ. ಅದಕ್ಕೆ ಮೊದಲಿನ ಮಾಸ್ ಕಂಪೆನಿಯ ಪೆಟ್ಟಿಗೆಯಲ್ಲಿ ಗೇರು ಬದಲಿಸುವುದೆಂದರೆ ಅತ್ತೆಯನ್ನು ಒಪ್ಪಿಸಿದಂತೆ, ಅವಸರ ಮಾಡುವ ಹಾಗೇ ಇಲ್ಲ. ಅಂಬಾಸಿಡರ್ ಓಡಿಸಿದ ನಮ್ಮವರಿಗೆ ಇದೇನು ಹೊಸದಲ್ಲ, ಡಬಲ್ ಕ್ಲಚ್ ಒತ್ತದೆ ಫಸ್ಟಿಗೆ ಇಳಿಸಿದವನನ್ನು ಮಾಲೀಕರು ಮಾರನೇ ದಿನ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ.

ಅಮೆರಿಕದವರದು ಇನ್ನೊಂದು ವಿಧಾನ. ಅಲ್ಲಿಯ ಷೆವರ್ಲೆ ಕಾರ್ವೆಟ್ಟಿಗೆ 1963ರಿಂದ 1974ರವರೆಗೆ ಮನ್ಸಿ ಎಂಬ ಊರಿನ ಪೆಟ್ಟಿಗೆ ಬರುತ್ತಿತ್ತು. ಎಂ20, ಎಂ21, ಎಂ22 ಎಂದು ಮೂರು ಬಗೆ, ಹೊರಗೆ ನೋಡಿದರೆ ಒಂದೇ ರೂಪ. ಎಂಜಿನ್ನಿನ ಕಡೆಯಿಂದ ಒಳಹೋಗುವ ಶಾಫ್ಟಿನ ತುದಿಯಲ್ಲಿ ಉಂಗುರದಂಥ ಗೀರು ಹಾಕುವ ರೂಢಿ ಇತ್ತು. ಎರಡು ಗೀರಿದ್ದರೆ ಎಂ20, ಒಂದಿದ್ದರೆ ಎಂ21, ಬೋಳಾಗಿದ್ದರೆ ಎಂ22. ಈ ಕೊನೆಯದು ಗಟ್ಟಿಮುಟ್ಟಾದ ಅಪರೂಪದ್ದು. ಹಲ್ಲುಗಳ ಓರೆ ಕಡಿಮೆ ಇದ್ದದ್ದರಿಂದ ಕಿರುಚುವ ಸದ್ದು ಜಾಸ್ತಿ, ಜನ ಅದನ್ನು ಕಲ್ಲು ಪುಡಿಮಾಡುವ ಯಂತ್ರ ಎಂದೇ ಕರೆದರು. ಬೆಲೆಯೂ ಅಷ್ಟೇ ಜಾಸ್ತಿ. ಬೋಳು ಶಾಫ್ಟು ಎಲ್ಲಿ ಬೇಕಾದರೂ ಕಡೆಸಬಹುದಲ್ಲ ಎಂದು ನೀವು ಕೇಳಿದರೆ, ಕಳ್ಳರಿಗೂ ಅದೇ ಹೊಳೆದಿರುತ್ತದೆ. ಕೊನೆಗೆ ಅಲ್ಲೂ ಹಲ್ಲನ್ನೇ ಎಣಿಸಬೇಕು.

ನಮ್ಮ ರಾಜ್ಯದ ಒಂದು ಗಾಡಿಯನ್ನು ಇಲ್ಲಿ ನೆನೆಯದಿದ್ದರೆ ಬೆಂಗಳೂರಿನವರು ಮುನಿಸಿಕೊಂಡಾರು. 1982ರಲ್ಲಿ ಬಂದ ಸಿಪಾನಿ ಡಾಲ್ಫಿನ್. ಫೈಬರ್ ಬಾಡಿಯ ಪುಟ್ಟ ಪೆಟ್ಟಿಗೆಯಂಥ ಕಾರು, ಇಂಗ್ಲೆಂಡಿನ ರಿಲಯಂಟ್ ಕಿಟನ್ನಿನ ಅಚ್ಚು, 848 ಸಿಸಿ. ಜನ ನಕ್ಕರು, ಆದರೆ ಮದ್ರಾಸಿನ ಷೋಲಾವರಂ ರೇಸಿನಲ್ಲಿ ಅದು ದೊಡ್ಡ ದೊಡ್ಡ ಗಾಡಿಗಳ ಬೆವರಿಳಿಸಿತು. ಹಗುರ ಮೈ ಒಂದು ಕಾರಣ, ನಾಲ್ಕೂ ಗೇರಿಗೆ ಸಿಂಕ್ರೊಮೆಷ್ ಇದ್ದ ಪೆಟ್ಟಿಗೆಯೂ ಇನ್ನೊಂದು ಎಂಬುದು ನನ್ನ ಮತ.

ಸರಿ, ತಗಾದೆಗೆ ಬರೋಣ. ಪೆಟ್ಟಿಗೆ ಮದ್ರಾಸಿನದು ಎಂದು ತೀರ್ಮಾನವಾದ ಮೇಲೆ ಅಕ್ಕನ ಮಗ ಕಂಪ್ಲೇಂಟು ಟೈಪು ಮಾಡಿಸಲು ಹೊರಟ. ಭಾವ ಫೋನಿನಲ್ಲಿ, "ಗೌಡ್ರ ಮೇಲೆ ಕೇಸು ಹಾಕಿದ್ರೆ ನಾನು ಆ ದಾರೀಲಿ ತಲೆ ಎತ್ತಿ ಹೋಗೋ ಹಾಗಿಲ್ಲ ಕಣೋ" ಎಂದು ಗೋಗರೆದರು. ಕಡೆಗೆ, ಒಮ್ಮೆ ಖುದ್ದಾಗಿ ಹೋಗಿ ಕೇಳೋಣ ಎಂದಾಯಿತು. ಮೇಸ್ತ್ರಿಯನ್ನೂ ಕರೆದುಕೊಂಡು, ಬಾಣಾವರ, ಜಾವಗಲ್ ಮೇಲೆ ಹೊರಟೆವು.

ಹಳೇಬೀಡಿನಲ್ಲಿ ಟೀ ಕುಡಿಯಲು ಇಳಿದೆವು. ಗೇರ್‌ಬಾಕ್ಸಿನ ಮಾತು ಕಿವಿಗೆ ಬಿದ್ದ ಅಂಗಡಿಯ ಹುಡುಗ ಮೊಬೈಲು ಚಾಚಿದ. "ಸಾರ್, ಗೇರು ನಮ್ಮೂರಲ್ಲೇ ಕಂಡುಹಿಡಿದಿದ್ದು!" ಹೊಯ್ಸಳೇಶ್ವರ ಗುಡಿಯ ಗೋಡೆಯ ಒಂದು ಭೈರವ ಮೂರ್ತಿಯ ಕೈಯಲ್ಲಿ ಹಲ್ಲಿನ ಚಕ್ರವಿದೆ, ಅದು ಗ್ರಹಗತಿಯ ಗೇರು, ಒಂಬೈನೂರು ವರ್ಷದ ಹಿಂದೆ ಯಂತ್ರಗಳಿದ್ದವು ಎಂದು ವಿಡಿಯೋ ಸಾರುತ್ತಿತ್ತು. ಮೇಸ್ತ್ರಿ ಕನ್ನಡಕ ಏರಿಸಿ ನೋಡಿದರು. "ಕಚ್ಕೊಳೋ ಜೊತೆ ಚಕ್ರ ಎಲ್ಲೈತೆ? ಜೊತೆ ಇಲ್ದಿದ್ರೆ ಅದು ಗೇರಲ್ಲ ಮಗ, ಒಡವೆ." ನನ್ನ ಅಭಿಪ್ರಾಯವೂ ಅಷ್ಟೇ. ಗ್ರಹಗತಿಯ ಗೇರು ನಿಜವಾಗಿ ಇರುವುದು ನಮ್ಮ ಹುಡುಗನಿಗೆ ಸಿಗದೆ ಹೋದ ಆ ಓವರ್‌ಡ್ರೈವಿನ ಒಳಗೆ. ನಡುವೆ ಸೂರ್ಯನಂತೆ ಒಂದು ಚಕ್ರ, ಸುತ್ತ ಗ್ರಹಗಳಂತೆ ಪುಟ್ಟ ಚಕ್ರಗಳು, ಅವನ್ನೆಲ್ಲ ಬಳಸಿದ ಒಳಹಲ್ಲಿನ ಬಳೆ. ನಮ್ಮ ರೂವಾರಿಗಳನ್ನು ಹೊಗಳಲು ಸುಳ್ಳು ಬೇಕಾಗಿಲ್ಲ. ಗುಡಿಯೊಳಗೆ ತಿರುಗಿಸಿ ಕಡೆದ ಕಂಬಗಳಿವೆಯಲ್ಲ, ಆ ಕಲ್ಲನ್ನು ಅಷ್ಟು ನುಣ್ಣಗೆ ತಿರುಗಿಸಿದ ಕೈಗೆ ಅದೇ ಸಾಕಷ್ಟು ದೊಡ್ಡ ಸರ್ಟಿಫಿಕೇಟು.

ಅಲ್ಲಿಂದ ಹದಿನಾರು ಕಿಲೋಮೀಟರು ಬೇಲೂರು. ಚೆನ್ನಕೇಶವನಿಗೆ ಕೈಮುಗಿದು ಹೋಗೋಣ ಎಂದರು ಮೇಸ್ತ್ರಿ. ಗುಡಿಯಲ್ಲಿ ಗೈಡ್ ಒಬ್ಬರು ಯಾತ್ರಿಕರಿಗೆ ಮದನಿಕೆಯರ ಕೆಳಗಿನ ಅಕ್ಷರ ತೋರಿಸುತ್ತಿದ್ದರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ತಾವು ಕೆತ್ತಿದ್ದಕ್ಕೆ ತಮ್ಮ ಹೆಸರು ಬರೆದಿದ್ದಾರೆ. ಮೇಸ್ತ್ರಿ ತುಂಬ ಹೊತ್ತು ಕತ್ತೆತ್ತಿ ನಿಂತರು. ಐವತ್ತು ವರ್ಷ ಈ ದಾರಿಯಲ್ಲಿ ಗಾಡಿ ರಿಪೇರಿಗೆ ಓಡಾಡಿದವರು, ಆ ಅಕ್ಷರ ಕಂಡದ್ದು ಅವತ್ತೇ ಮೊದಲಂತೆ. "ನೋಡಿ ಸಾ, ಒತ್ತು ನಂಬರು," ಎಂದರು.

ತೋಟದ ಮನೆಯಲ್ಲಿ ಗೌಡರು ಕಾಫಿ ಕೊಟ್ಟರು, ಕಡುಬು ಕೊಟ್ಟರು. ಹುಡುಗ ತಟ್ಟೆ ಮುಟ್ಟಲಿಲ್ಲ. ನಾನೇ ವಿಷಯ ತೆಗೆದೆ. ಗೌಡರಿಗೆ ನಿಜವಾಗಿ ಗೊತ್ತಿರಲಿಲ್ಲ. ಕಾರು ಅವರ ತಂದೆಯದು. ದೂತಾವಾಸದವರು ಬಿಟ್ಟುಹೋದ ಫಾರಿನ್ ಕಾರುಗಳನ್ನು ಆಗ ಎಸ್.ಟಿ.ಸಿ. ಎಂಬ ಸರ್ಕಾರಿ ಸಂಸ್ಥೆ ಮಾರುತ್ತಿತ್ತು, ಆ ದಾರಿಯಲ್ಲಿ ಬಂದದ್ದಂತೆ. "ನಾನಾಗ ಹಾಸ್ಟೆಲ್ಲಲ್ಲಿ ಓದ್ತಿದ್ದೆ. ದಲ್ಲಾಳಿ ಬರೆದ, ನಾನು ಸೈನ್ ಹಾಕಿದೆ. ತಪ್ಪಾಯ್ತು, ನಿಮ್ಮ ದುಡ್ಡು ವಾಪಸ್ ತಗೊಂಡು ಹೋಗಿ" ಎಂದು ಎದ್ದೇಬಿಟ್ಟರು. ಅವರ ದನಿ ನಡುಗುತ್ತಿತ್ತು. ಹುಡುಗ ನೆಲ ನೋಡಿದ.

ಆಗ ಬಾಯಿಬಿಟ್ಟವನು ಬಾಗಿಲಲ್ಲಿ ನಿಂತಿದ್ದ ತೋಟದ ಹಳೇ ರೈಟರು. "ಬುದ್ಧಿ, ಪಲ್ಪರ್ ಮನೆಯಾಗೆ ಒಂದು ಕಬ್ಬಿಣದ ಗುಂಡು ಬಿದ್ದೈತಲ್ಲ, ದೊಡ್ಡ ಗೌಡ್ರು ಎಸಿಬೇಡಿ ಅಂದಿದ್ದು?"

ಎಲ್ಲರೂ ಓಡಿದೆವು. ಕಾಫಿ ಸಿಪ್ಪೆಯ ವಾಸನೆ, ಹಲ್ಲಿ, ಮುರಿದ ಸ್ಪ್ರೇಯರು, ಅದರ ಹಿಂದೆ ಗ್ರೀಸು ಬಳಿದ ಗೋಣಿಯಲ್ಲಿ ಸುತ್ತಿದ ಪೆಟ್ಟಿಗೆ. ಮೇಸ್ತ್ರಿ ಪಂಚೆಯ ತುದಿಯಿಂದ ಒರೆಸಿದರು. ಎಫ್, ಡಿ, ಆಮೇಲೆ ಅಂಕಿಗಳು. ಸ್ಪಷ್ಟವಾಗಿ ಒತ್ತಿದ್ದು. ಮೇಲಿನ ಕವರು ತೆಗೆದು ಬ್ಯಾಟರಿ ಬಿಟ್ಟರೆ, ಕೆಳಗಿನ ಶಾಫ್ಟಿನಲ್ಲಿ ಫಸ್ಟ್ ಗೇರಿನ ಮೂರು ಹಲ್ಲು ಇಲ್ಲ.

ರೈಟರು ಹೇಳಿದ ಪ್ರಕಾರ, ಚಾರ್ಮಾಡಿ ಘಾಟಿಯಲ್ಲಿ ಮಳೆಗಾಲದ ಒಂದು ರಾತ್ರಿ ಹಲ್ಲು ಮುರಿದು ಗಾಡಿ ನಿಂತಿತ್ತು. ಆ ಕಾಲದಲ್ಲಿ ಫಾರಿನ್ ಸಾಮಾನು ತರಿಸುವುದೆಂದರೆ ಲೈಸೆನ್ಸು, ಪರ್ಮಿಟ್ಟು, ದೆಹಲಿ ಯಾತ್ರೆ. ಹಾಸನದ ಗುಜರಿಯಲ್ಲಿ ಸಿಕ್ಕ ಹೆರಾಲ್ಡಿನ ಪೆಟ್ಟಿಗೆ ಕೂರಿಸಿ ಗಾಡಿ ಓಡಿಸಿದರು. ಅರ ಹಾಕಿದ್ದೂ ಕಳ್ಳತನಕ್ಕಲ್ಲ, ಒಡೆದಿದ್ದ ಕಿವಿಗೆ ವೆಲ್ಡಿಂಗು ಮಾಡಿ ಸಾಪು ಮಾಡುವಾಗ ಅಕ್ಷರ ಹೋಗಿತ್ತು. ದೊಡ್ಡ ಗೌಡರು ಮಾತ್ರ ಮೂಲ ಪೆಟ್ಟಿಗೆಯನ್ನು ಎಸೆಯಲಿಲ್ಲ.

ಕೇಸು ಅಲ್ಲಿಗೇ ಮುಗಿಯಿತು. ಗೌಡರು ಪೆಟ್ಟಿಗೆಗೆ ದುಡ್ಡು ಮುಟ್ಟಲಿಲ್ಲ, ಹುಡುಗನೂ ಕಾರಿನ ಬೆಲೆ ಇಳಿಸಿ ಎಂದು ಕೇಳಲಿಲ್ಲ. ಆರಿದ ಕಡುಬು ತಿಂದ. ಇಲ್ಲದ ಓವರ್‌ಡ್ರೈವಿನ ಬಗ್ಗೆ ದಲ್ಲಾಳಿಯನ್ನು ಕೇಳೋಣವೆಂದರೆ ಅವನ ಫೋನು ಸ್ವಿಚ್ ಆಫ್, ಇನ್ನೂ ಆನ್ ಆಗಿಲ್ಲ.

ಈಗ ಶೆಡ್ಡಿನಲ್ಲಿ ಬೆಂಚಿನ ಮೇಲೆ ಎಫ್‌ಡಿ ಪೆಟ್ಟಿಗೆ ಬಿಚ್ಚಿ ಕೂತಿದೆ. ಕೆಳಗಿನ ಗೇರಿನ ಗೊಂಚಲು ಇಂಗ್ಲೆಂಡಿನಿಂದ ಬರಬೇಕು, ಹುಡುಗ ಆರ್ಡರು ಮಾಡಿದ್ದಾನೆ. ಹೆರಾಲ್ಡಿನ ಹಲ್ಲನ್ನೇ ಅದಕ್ಕೆ ಹಾಕಬಹುದಲ್ಲ ಎಂದು ನಾನು ಕೇಳಿದೆ. ಮೇಸ್ತ್ರಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿಯವರೆಗೆ ಮದ್ರಾಸಿನ ಪೆಟ್ಟಿಗೆ, ಜಿಎಲ್-4 ಎಣ್ಣೆ ಕುಡಿದುಕೊಂಡು, ಸಂಜೆ ಹೊತ್ತು ಕೆಂಪು ಕಾರನ್ನು ಮಾಲೇಕಲ್ ತಿರುಪತಿಯ ಕಡೆ ಎಳೆದುಕೊಂಡು ಹೋಗಿಬರುತ್ತಿದೆ. ಫಸ್ಟಿನಲ್ಲಿ ಈಗಲೂ ಬಾಯಿ ಬಡಿದುಕೊಳ್ಳುತ್ತದೆ.